ಪಿಕಪ್ಪಿಗೆ ದೊಡ್ಡ ಟೈರ್: ಹಾಕುವ ಮೊದಲು ಅಳತೆ ಹಿಡಿಯಿರಿ

ಈಗ ನಮ್ಮ ಚಳ್ಳಕೆರೆ ಕಡೆ ಯಾವ ಊರಿಗೆ ಹೋದರೂ ನಾಲ್ಕೈದು ಪಿಕಪ್ ಕಾಣ್ತವೆ. ಶೇಂಗಾ, ಈರುಳ್ಳಿ, ಗೊಬ್ಬರ, ಮೇವು, ಸಂತೆಗೆ ಹೋಗೋ ಕುರಿ ಎಲ್ಲಾ ಅದರಲ್ಲೇ. ಟಾರು ರಸ್ತೆ ಮೇಲೆ ಅದಕ್ಕೆ ತೊಂದರೆ ಇಲ್ಲ. ತೊಂದರೆ ಇರೋದು ರಸ್ತೆ ಬಿಟ್ಟು ಹೊಲ ಮುಟ್ಟುವ ತನಕದ ಒಂದೆರಡು ಮೈಲಿ ಬಂಡಿ ಜಾಡಿನಲ್ಲಿ. ಮಳೆ ಬಿದ್ದರೆ ಎರೆನೆಲ ಹಿಡಿದುಕೊಳ್ಳುತ್ತೆ, ಬೇಸಿಗೆಯಲ್ಲಿ ಹಳ್ಳದ ಮರಳು ನುಂಗುತ್ತೆ, ಜಾಡಿನ ನಡುದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತೆ.

ಇದಕ್ಕೆ ಹುಡುಗರು ಕಂಡುಕೊಂಡ ಔಷಧಿ ಒಂದೇ: ದೊಡ್ಡ ಟೈರ್, ಅಗಲ ಡಿಸ್ಕ್. ಫೋರ್ ವೀಲ್ ಇರೋ ಹಳೇ ಪಿಕಪ್ ತಂದವರಂತೂ ಮೊದಲ ತಿಂಗಳಲ್ಲೇ ಟೈರ್ ಅಂಗಡಿಗೆ ಓಡ್ತಾರೆ. ನೋಡೋಕೆ ಗಾಡಿ ಗೂಳಿ ಹಂಗೆ ಕಾಣುತ್ತೆ, ಸುಳ್ಳಲ್ಲ. ಆದರೆ ಕಂತು ಕಟ್ಟಿ ದುಡಿಸೋ ಗಾಡಿಗೆ ಅಂದ ಮುಖ್ಯವೋ, ದುಡಿಮೆ ಮುಖ್ಯವೋ? ನಾನು ಏಳನೇ ಕ್ಲಾಸಿನ ತನಕ ಓದಿದವನು. ಇದರ ಲೆಕ್ಕ ಕೂಡೋದು, ಕಳೆಯೋದು, ಭಾಗಿಸೋದು ಅಷ್ಟೇ. ಟೈರಿಗೆ ದುಡ್ಡು ಕೊಡೋ ಮುಂಚೆ ಯಾರು ಬೇಕಾದರೂ ಮಾಡಿ ನೋಡಬಹುದು.

ಬಂಡಿಗಾಲಿ ಬೇರೆ, ಪಿಕಪ್ ಗಾಲಿ ಬೇರೆ

ನಮ್ಮ ಹಿರಿಯರ ಮರದ ಬಂಡಿಗೆ ಎದೆಮಟ್ಟದ ಗಾಲಿ ಇರ್ತಿತ್ತು. ಗಾಲಿ ಎತ್ತರ ಇದ್ದಷ್ಟೂ ಕಲ್ಲು, ಗುಂಡಿ ಹತ್ತಿಳಿಯೋದು ಸಲೀಸು, ಎತ್ತಿಗೆ ದಣಿವು ಕಮ್ಮಿ. ಇದು ನಮಗೆ ಗೊತ್ತಿರೋದರಿಂದಲೇ ಪಿಕಪ್ಪಿಗೂ ಅದೇ ಲೆಕ್ಕ ಹಾಕ್ತೀವಿ. ಅರ್ಧ ಸರಿ, ಅರ್ಧ ತಪ್ಪು.

ಬಂಡಿಯಲ್ಲಿ ಎತ್ತು ಎಳೆಯೋದು ನೊಗವನ್ನ. ಗಾಲಿ ತನ್ನಷ್ಟಕ್ಕೆ ತಾನು ಉರುಳುತ್ತೆ. ಪಿಕಪ್ಪಿನಲ್ಲಿ ಹಂಗಲ್ಲ. ಎಂಜಿನ್ನು ಆಕ್ಸಲ್ ತಿರುಗಿಸಬೇಕು, ಆಕ್ಸಲ್ ಗಾಲಿ ತಿರುಗಿಸಬೇಕು, ಗಾಲಿ ನೆಲವನ್ನ ಹಿಂದಕ್ಕೆ ಒದ್ದು ಗಾಡಿ ಮುಂದಕ್ಕೆ ಹೋಗಬೇಕು. ಗಾಲಿ ದೊಡ್ಡದಾದಷ್ಟೂ ಆಕ್ಸಲ್ಲಿನಿಂದ ನೆಲಕ್ಕೆ ದೂರ ಹೆಚ್ಚು, ಒದೆಯೋ ಬಲ ಕಮ್ಮಿ. ಸನಿಕೆಯ ಹಿಡಿ ಉದ್ದ ಮಾಡಿ ತುದಿಯಲ್ಲಿ ಮಣ್ಣು ಎತ್ತಿ ನೋಡಿ, ರಟ್ಟೆಗೆ ಗೊತ್ತಾಗುತ್ತೆ. ಗುಂಡಿ ದಾಟೋಕೆ ದೊಡ್ಡ ಗಾಲಿ ಒಳ್ಳೇದು, ಭಾರ ಎಳೆಯೋಕೆ ಅದೇ ಗಾಲಿ ಎಂಜಿನ್ನಿಗೆ ಹೊರೆ. ಈ ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಟೈರಿನ ಮೇಲಿನ ಅಂಕಿ

ಟೈರಿನ ಪಕ್ಕದಲ್ಲಿ 215/75 ಆರ್ 15 ಅಂತ ಇದೆ ಅಂದುಕೊಳ್ಳಿ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಆ ಅಗಲದ ನೂರಕ್ಕೆ 75ರಷ್ಟು ಟೈರಿನ ಗೋಡೆ ಎತ್ತರ. ಆರ್ ಅಂದರೆ ರೇಡಿಯಲ್. 15 ಅಂದರೆ ಡಿಸ್ಕಿನ ಇಂಚು.

ಈಗ ಲೆಕ್ಕ. 215ಕ್ಕೆ ನೂರಕ್ಕೆ 75 ಅಂದರೆ 161 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಎರಡೂ ಸೇರಿ ಸುಮಾರು 322. ಡಿಸ್ಕು 15 ಇಂಚು ಅಂದರೆ 381. ಒಟ್ಟು ಎತ್ತರ ಸುಮಾರು 703 ಮಿ.ಮೀ. ಇದೇ ತರ 235/75 ಆರ್ 15 ಟೈರಿಗೆ ಲೆಕ್ಕ ಹಾಕಿದರೆ 733 ಬರುತ್ತೆ. ಹುಡುಗರು ಆಸೆಪಡೋ 31 ಇಂಚಿನ ಟೈರು (31 ಇಂಟು 10.5 ಆರ್ 15 ಅಂತ ಬರೆದಿರುತ್ತೆ) 787 ಮಿ.ಮೀ.

ಅಂಕಿಗಳ ಕೊನೆಗೆ ಇನ್ನೊಂದು ನಂಬರ್ ಇರುತ್ತೆ. ಅದು ಭಾರದ ನಂಬರ್. 100 ಇದ್ದರೆ ಆ ಟೈರ್ ಹೊರೋದು 800 ಕಿಲೋ, 104 ಇದ್ದರೆ 900 ಕಿಲೋ. ಟೈರ್ ನೋಡೋಕೆ ದೊಡ್ಡದಾಗಿದ್ದ ಮಾತ್ರಕ್ಕೆ ಹೆಚ್ಚು ಹೊರುತ್ತೆ ಅಂತಿಲ್ಲ. ಹಗುರ ಜೀಪಿಗೆ ಮಾಡಿದ ಟೈರ್ ಹಾಕಿ ಈರುಳ್ಳಿ ಚೀಲ ಒಟ್ಟಿದರೆ ಅದು ಬಿಸಿಯಾಗಿ ಸಿಡಿಯಬಹುದು. ಹಳೇ ಟೈರಿನ ಭಾರದ ನಂಬರಿಗಿಂತ ಹೊಸದರದು ಕಮ್ಮಿ ಇದ್ದರೆ ಮುಟ್ಟಲೇಬೇಡಿ. ಪಕ್ಕದಲ್ಲೇ ತಯಾರಾದ ವಾರ ಮತ್ತು ವರ್ಷದ ನಾಲ್ಕಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಟೈರ್ ತರೋರು ಇದನ್ನ ನೋಡಿಯೇ ತರಬೇಕು.

ಎತ್ತರ ಸಿಗೋದು ಅರ್ಧ

703ರಿಂದ 787ಕ್ಕೆ ಹೋದರೆ ಟೈರ್ 84 ಮಿ.ಮೀ. ದೊಡ್ಡದಾಯಿತು. ಗಾಡಿ ಎಷ್ಟು ಮೇಲೆ ಬಂತು? 84 ಅಲ್ಲ, 42. ಆಕ್ಸಲ್ ಗಾಲಿಯ ನಡುಮಧ್ಯ ಇರೋದರಿಂದ ಯಾವಾಗಲೂ ಅರ್ಧವೇ ಸಿಗೋದು. ಎರಡು ಬೆರಳಗಲಕ್ಕಿಂತ ತುಸು ಹೆಚ್ಚು, ಅಷ್ಟೇ. 235ರ ಟೈರಿಗೆ ಹೋದರೆ 15 ಮಿ.ಮೀ., ಒಂದು ಬೆರಳಷ್ಟೂ ಇಲ್ಲ.

ಕೆಲವರು ಟೈರಿನ ಬದಲು ಪಟ್ಟಾಗೆ ಇನ್ನೆರಡು ಎಲೆ ಸೇರಿಸಿ ಗಾಡಿ ಎತ್ತರಿಸ್ತಾರೆ. ಅದರಿಂದ ಬಾಡಿ ಮೇಲೆ ಹೋಗುತ್ತೆ. ಆದರೆ ಜಾಡಿನ ನಡುದಿಬ್ಬಕ್ಕೆ ತಾಗೋದು ಹಿಂದಿನ ಆಕ್ಸಲ್ ನಡುವಿನ ಗುಂಡು, ಅಂದರೆ ಹೌಸಿಂಗ್. ಅದು ಪಟ್ಟಾದ ಕೆಳಗೆ ಗಾಲಿಯ ಜತೆಗೇ ಇರೋದರಿಂದ ಒಂದು ಕೂದಲೆಳೆಯೂ ಮೇಲೇಳೋದಿಲ್ಲ.

ನಮ್ಮ ಜಾಡಿನಲ್ಲಿ ಐದು ಹೊಲದವರು ಸೇರಿ ಒಂದು ದಿನ ಗುದ್ದಲಿ ಹಿಡಿದು ನಡುದಿಬ್ಬ ಕಡಿದು, ಎರಡು ಗಾಲಿ ಜಾಡಿಗೂ ಗರಸು ಹಾಕಿದೆವು. ಎರಡು ಬೆರಳಲ್ಲ, ಒಂದು ಗೇಣು ಜಾಗ ಸಿಕ್ಕಿತು. ಬಂಡಿಗೂ ಆಯಿತು, ಟ್ರ್ಯಾಕ್ಟರಿಗೂ ಆಯಿತು.

ಹೊರೆ ಎಲ್ಲೆಲ್ಲಿ ಬೀಳುತ್ತೆ

31 ಇಂಚಿನ ಟೈರ್ ಹಾಕಿದ ಗಾಡಿಯ ಎಳೆತ 100 ಇದ್ದದ್ದು 89ಕ್ಕೆ ಇಳಿಯುತ್ತೆ. ಲೋಡ್ ತುಂಬಿ ಹಳ್ಳದ ದಿಣ್ಣೆ ಹತ್ತಿಸುವಾಗ ಈ 11 ಎಲ್ಲಿ ಹೋಯಿತು ಅಂತ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಹೇಳುತ್ತೆ.

ಮೀಟರೂ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಗಾಲಿಯ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತೆ, ಮೀಟರಿಗೆ ಅದು ಗೊತ್ತಿಲ್ಲ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ ಓಡ್ತಿರೋದು 67ರಲ್ಲಿ. ಮೈಲೇಜ್ ಲೆಕ್ಕ ಹಾಕೋರೂ ಇದನ್ನ ಗಮನಿಸಬೇಕು. ಮೀಟರ್ 100 ಕಿ.ಮೀ. ಅಂದರೆ ಓಡಿರೋದು ಸುಮಾರು 112.

ಎಲ್ಲಕ್ಕಿಂತ ದೊಡ್ಡ ಮಾತು ಬ್ರೇಕಿಂದು. ಬ್ರೇಕ್ ಅದೇ, ಹಿಡಿಯೋ ಬಲ ಅದೇ, ಗಾಲಿ ಮಾತ್ರ ದೊಡ್ಡದು, ತೂಕವೂ ಹೆಚ್ಚು. ಕವಣೆಯ ಹಗ್ಗ ಉದ್ದ ಮಾಡಿ ಕಲ್ಲೂ ದೊಡ್ಡದು ಹಾಕಿದರೆ ಬೀಸೋದೂ ಕಷ್ಟ, ಬೀಸಿದ್ದನ್ನ ನಿಲ್ಲಿಸೋದೂ ಕಷ್ಟ. ಮೇಲಾಗಿ 60 ಅಂದುಕೊಂಡು 67ರಲ್ಲಿ ಹೋಗ್ತಿರೋ ಗಾಡಿಯಲ್ಲಿ ಬ್ರೇಕ್ ತಡೆಯಬೇಕಾದ ಶಕ್ತಿ ಕಾಲುಪಾಲು ಹೆಚ್ಚು. ಇಳಿಜಾರಿನಲ್ಲಿ, ತುಂಬಿದ ಲೋಡಿನಲ್ಲಿ, ಎದುರಿಗೆ ಕುರಿ ಹಿಂಡು ಬಂದಾಗ ಆ ಕಾಲುಪಾಲು ಏನು ಅಂತ ತಿಳಿಯುತ್ತೆ.

ಗಾಡಿ ಎತ್ತರ ಆದಷ್ಟೂ ಮಗುಚೋದು ಸುಲಭ. ಮೊದಲೇ ನಾವು ಮೇವು ಆಳೆತ್ತರ ಒಟ್ಟೋರು. ಅದರ ಮೇಲೆ ಕೂಲಿಗೆ ಬಂದ ಹೆಣ್ಣುಮಕ್ಕಳು ಕೂತಿರ್ತಾರೆ. ಲೋಡಿನ ಮೇಲೆ ಜನ ಕೂರಿಸೋದು ಯಾವ ಟೈರಿನಲ್ಲೂ ತಪ್ಪು. ಎತ್ತರಿಸಿದ ಗಾಡಿಯಲ್ಲಿ ಓರೆ ಬದು ದಾಟಿಸುವಾಗ ಅದು ಪ್ರಾಣದ ಜತೆ ಆಟ.

ಅಗಲ ಬೇಕೋ, ಇಕ್ಕಟ್ಟು ಬೇಕೋ

ಇದು ನೆಲದ ಮೇಲೆ ಹೋಗುತ್ತೆ. ಮರಳಿನ ಮೇಲೆ ಅಗಲ ಟೈರ್ ಒಳ್ಳೇದು, ತೇಲಿಸಿಕೊಂಡು ಹೋಗುತ್ತೆ. ಮೇಲೆ ಕೆಸರು, ಕೆಳಗೆ ಗಟ್ಟಿ ಗರಸು ಇರೋ ಕೆಂಪು ನೆಲದಲ್ಲಿ ಇಕ್ಕಟ್ಟು ಟೈರೇ ಮೇಲು. ಕೆಸರನ್ನ ಸೀಳಿಕೊಂಡು ಗಟ್ಟಿ ನೆಲ ಮುಟ್ಟಿ ಹಿಡಿತ ತಗೊಳ್ಳುತ್ತೆ. ಬಂಡಿಯ ಇಕ್ಕಟ್ಟು ಕಬ್ಬಿಣದ ಪಟ್ಟಿ ಮಾಡ್ತಿದ್ದ ಕೆಲಸವೂ ಅದೇ.

ಎರೆನೆಲದ ಕತೆ ಬೇರೆ. ಹಸಿ ಎರೆ ಟೈರಿನ ಸಂದಿಯಲ್ಲಿ ತುಂಬಿಕೊಂಡು ರೊಟ್ಟಿ ಹಿಟ್ಟಿನಂತೆ ಅಂಟುತ್ತೆ. ಆಮೇಲೆ ಬಟನ್ ಟೈರೂ ಒಂದೇ, ಸವೆದು ಬೋಳಾದ ಟೈರೂ ಒಂದೇ. ಸಂದಿ ಅಗಲ ಇರೋ ಬಟನ್ ಟೈರಾದರೆ ಉರುಳುವಾಗ ಒಂದಿಷ್ಟು ಮಣ್ಣು ಕೊಡವಿಕೊಳ್ಳುತ್ತೆ. ಆದರೂ ಮಳೆ ನಿಂತು ನೆಲ ಆರೋ ತನಕ ಎರೆಹೊಲಕ್ಕೆ ಗಾಡಿ ಇಳಿಸದೇ ಇರೋದೇ ಜಾಣತನ. ಹಸಿ ನೆಲದ ಮೇಲೆ ಲೋಡ್ ಗಾಡಿ ಓಡಾಡಿದ ಜಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತೆ, ಮುಂದಿನ ಬೆಳೆ ಅಲ್ಲಿ ಮೇಲೇಳೋದಿಲ್ಲ.

ಮೊದಲು ಗಾಳಿ ಇಳಿಸಿ ನೋಡಿ

ಮರಳಲ್ಲಿ ಸಿಕ್ಕಿಕೊಳ್ಳೋದಕ್ಕೆ ಖರ್ಚಿಲ್ಲದ ಮದ್ದೊಂದಿದೆ. ಗಾಡಿ ಖಾಲಿ ಇದ್ದಾಗ ನಾಲ್ಕೂ ಟೈರಿನ ಗಾಳಿಯನ್ನ 18ರಿಂದ 20 ಪಾಯಿಂಟಿಗೆ ಇಳಿಸಿ. ಟೈರ್ ನೆಲದ ಮೇಲೆ ಉದ್ದಕ್ಕೆ ಹಾಸಿಕೊಂಡು ಕೂರುತ್ತೆ. ಸ್ಟೇರಿಂಗ್ ಜೋರಾಗಿ ತಿರುಗಿಸದೆ ನಿಧಾನಕ್ಕೆ ದಾಟಿಸಿ. ಟಾರು ರಸ್ತೆ ಸೇರೋ ಮುಂಚೆ ಮತ್ತೆ ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಟೈರ್ ಬಿಸಿಯಾಗಿ ಹಾಳಾಗುತ್ತೆ. ಲೋಡ್ ಇದ್ದಾಗ ಈ ಕೆಲಸ ಬೇಡ. ಗಾಳಿ ನೋಡೋ ಗೇಜು, ಬ್ಯಾಟರಿಗೆ ಸಿಗಿಸೋ ಸಣ್ಣ ಪಂಪು, ಒಂದು ಸನಿಕೆ, ಎರಡು ಹಲಗೆ ಗಾಡಿಯಲ್ಲಿರಲಿ. ಇವಿಷ್ಟರ ಬೆಲೆ ಒಂದು ಹೊಸ ಟೈರಿನಷ್ಟೂ ಆಗೋದಿಲ್ಲ.

ದೊಡ್ಡ ಟೈರಿನ ನಿಜವಾದ ತವರು

ಐಸ್‌ಲ್ಯಾಂಡ್ ಅಂತ ಹಿಮದ ದೇಶ ಇದೆ. ಅಲ್ಲಿ ಪಿಕಪ್ಪಿಗೆ, ಜೀಪಿಗೆ 38 ಇಂಚು, ಅದಕ್ಕೂ ದೊಡ್ಡ ಟೈರ್ ಹಾಕಿ, ಗಾಳಿ ತೀರಾ ಇಳಿಸಿ, ಮೆತ್ತನೆ ಹಿಮದ ಮೇಲೆ ತೇಲಿಸಿಕೊಂಡು ಹೋಗ್ತಾರೆ. ನನ್ನ ಮಗ ಫೋನಿನಲ್ಲಿ ಇದನ್ನ ತೋರಿಸಿ, ನಾವೂ ಹಾಕಿಸೋಣ ಅಂದ. ಆದರೆ ಅಲ್ಲಿಯವರು ಬರೀ ಟೈರ್ ಬದಲಿಸಿ ಕೈಬಿಡೋದಿಲ್ಲ. ಹೋದ ಎಳೆತ ವಾಪಸ್ ಬರಲಿ ಅಂತ ಕ್ರೌನ್ ಪಿನಿಯನ್ ಬದಲಿಸ್ತಾರೆ, ಮಡ್‌ಗಾರ್ಡ್ ಕತ್ತರಿಸಿ ಅಗಲ ಮಾಡ್ತಾರೆ, ಮೀಟರ್ ಸರಿ ಮಾಡ್ತಾರೆ. ಅದು ಹಿಮದ ಮೇಲೆ ಓಡಾಡೋರ ಅಗತ್ಯ. ನಮ್ಮ ಭಾರದ ಗಾಡಿಗೆ ಅದರಲ್ಲಿ ಟೈರು ಒಂದನ್ನೇ ತಂದು ಹಾಕಿದರೆ ಎತ್ತಿಗೆ ಆನೆ ಕಾಲು ಕಟ್ಟಿದ ಹಂಗೆ.

ಕಾನೂನು ಏನು ಹೇಳುತ್ತೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗೋ ಹಂಗೆ ಗಾಡಿ ಬದಲಿಸೋದಕ್ಕೆ ಅವಕಾಶ ಇಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನ ಒತ್ತಿ ಹೇಳಿತು. ಹಾಗಾಗಿ ಎಫ್‌ಸಿಗೆ ಹೋದಾಗ ತಕರಾರು ಬರಬಹುದು. ಅಪಘಾತ ಆದರೆ ವಿಮೆಯವರು ಮೊದಲು ನೋಡೋದು ಇಂಥದ್ದನ್ನೇ. ಗಾಡಿಯ ಜತೆ ಬರೋ ಪುಸ್ತಕದಲ್ಲಿ ಯಾವ ಯಾವ ಸೈಜು ಬರೆದಿದೆ ಅಂತ ನೋಡಿ, ಅದರೊಳಗೇ ಇರೋದು ಕ್ಷೇಮ.

ಹಾಕಿಸೋರು ಇಷ್ಟು ಮಾಡಿ

• ಪುಸ್ತಕದಲ್ಲಿರೋ ಸೈಜುಗಳಲ್ಲಿ ಒಂದು ಮೆಟ್ಟಿಲು ಮೇಲಿನದು ಸಾಕು. 215ರ ಜತೆಗೆ 235 ಕೂಡ ಬರೆದಿದ್ದರೆ ಅದು. 31 ಇಂಚಿನ ಆಸೆ ಬಿಡಿ.

• ಹಳೇ ಟೈರಿಗೆ ಸುಣ್ಣದ ಗುರುತು ಹಾಕಿ, ಗಾಡಿಯನ್ನ ಸರಿಯಾಗಿ ಒಂದು ಸುತ್ತು ಉರುಳಿಸಿ, ನೆಲದ ಮೇಲಿನ ದೂರ ಟೇಪಿನಲ್ಲಿ ಅಳೆಯಿರಿ. ಹೊಸದಕ್ಕೂ ಹಾಗೇ ಮಾಡಿ. ಹೊಸದನ್ನ ಹಳೇದರಿಂದ ಭಾಗಿಸಿದರೆ ಮೀಟರ್ ಎಷ್ಟು ಸುಳ್ಳು ಹೇಳುತ್ತೆ ಅಂತ ಸಿಗುತ್ತೆ.

• ಫೋರ್ ವೀಲ್ ಗಾಡಿಗೆ ನಾಲ್ಕೂ ಒಂದೇ ಸೈಜು ಇರಬೇಕು, ಸ್ಟೆಪ್ನಿಯೂ ಅದೇ. ಮುಂದೆ ಒಂದು ಹಿಂದೆ ಒಂದು ಸೈಜು ಹಾಕಿ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಒಳಗಿನ ಗೇರುಗಳು ಒಂದಕ್ಕೊಂದು ಜಗ್ಗಾಡಿ ಮುರೀತವೆ.

• ಹೊರಗೆ ಚಾಚೋ ಡಿಸ್ಕ್ ಬೇಡ, ನಡುವೆ ಸೇರಿಸೋ ಸ್ಪೇಸರ್ ಬೇಡ. ಗಾಲಿ ಹೊರಕ್ಕೆ ಹೋದಷ್ಟೂ ಹಬ್ಬಿನ ಬೇರಿಂಗಿಗೆ ಹೊರೆ.

• ಲೋಡ್ ತುಂಬಿ, ಒಂದು ಮುಂಗಾಲಿ ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗನ್ನ ಎರಡೂ ಕಡೆ ಪೂರ್ತಿ ತಿರುಗಿಸಿ. ಮಡ್‌ಗಾರ್ಡಿಗೆ, ಬ್ರೇಕಿನ ಪೈಪಿಗೆ ಟೈರ್ ತಾಗಬಾರದು.

• ನೂರು ಕಿ.ಮೀ. ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿಸಿ. ಮುಂಚಿಗಿಂತ ಬೇಗ ಬೇಗ ಬ್ರೇಕ್, ಬೇರಿಂಗ್ ನೋಡಿಸಿ.

ಇಷ್ಟಕ್ಕೂ ಒಂದು ಮಾತು. ಕಂತು ತೀರೋ ತನಕ ಪಿಕಪ್ಪು ಸಾಲ ಕೊಟ್ಟವರದು, ತೀರಿದ ಮೇಲೆ ನಮ್ಮದು. ನಮ್ಮ ಕೈಗೆ ಬರೋ ಹೊತ್ತಿಗೆ ಅದರ ಕ್ಲಚ್ಚು, ಕ್ರೌನು, ಬೇರಿಂಗು ಗಟ್ಟಿ ಇರಬೇಕು. ದೊಡ್ಡ ಟೈರ್ ಹಾಕಿಸಿ ಎರಡು ಮೂರು ವರ್ಷ ಹೊಲದಲ್ಲಿ ದುಡಿಸಿದವರು ಇದ್ದರೆ, ಯಾವ ನೆಲ, ಎಷ್ಟು ಲೋಡು, ಏನೇನು ರಿಪೇರಿ ಬಂತು ಅಂತ ಪತ್ರಿಕೆಗೆ ಬರೀರಿ. ಮುಂದೆ ಹಾಕಿಸೋರಿಗೆ ಅನುಕೂಲ ಆಗುತ್ತೆ.