ಮೇಲ್ಮನೆ ಚುನಾವಣೆ: ಖರ್ಚಿಗೆ ಮಿತಿಯೇ ಇಲ್ಲ!

ಬಿ.ಇ. ಮುಗಿಸಿ ಮೂರು ವರ್ಷ ಆದಮೇಲೆ ನಮಗೆ ಇನ್ನೊಂದು ವೋಟು ಸಿಗ್ತದೆ, ಗೊತ್ತೇನು? ಅದು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದು. ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರು ಆರಿಸುವಂಥವು. ನಮ್ಮ ಬಾಳೆಹೊಸೂರು ಇರುವ ಗದಗ ಜಿಲ್ಲೆ, ಜೊತೆಗೆ ಧಾರವಾಡ, ಹಾವೇರಿ, ಉತ್ತರ ಕನ್ನಡ ಸೇರಿ ಪಶ್ಚಿಮ ಪದವೀಧರ ಕ್ಷೇತ್ರ. ಹಿಂದೆ ಎಚ್.ಕೆ. ಪಾಟೀಲರು ಗೆದ್ದದ್ದು ಇಲ್ಲಿಂದಲೇ, 2020ರಲ್ಲಿ ಎಸ್.ವಿ. ಸಂಕನೂರ ಗೆದ್ದರು.

2023ರ ವಿಧಾನಸಭೆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿರಲಿಲ್ಲ, ಲೆಕ್ಕವನ್ನೂ ಕೊಡಬೇಕಿತ್ತು. ಪರಿಷತ್ತಿಗೆ ಈ ಮಿತಿಯೇ ಇಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಚುನಾವಣಾ ಖರ್ಚಿನ ಅಧ್ಯಾಯವು ಲೋಕಸಭೆ, ವಿಧಾನಸಭೆಗಷ್ಟೇ ಅನ್ವಯ ಅಂತ 76ನೇ ಕಲಂ ಹೇಳ್ತದೆ. ಹಾಗಂತ ವೋಟಿಗೆ ದುಡ್ಡು ಹಂಚೋ ಹಾಗಿಲ್ಲ. ಅದು ಇಲ್ಲೂ ಅಪರಾಧವೇ. ಆದರೆ ಪ್ರಚಾರಕ್ಕೆ ಎಷ್ಟು ಸುರಿದರೂ ಕಾನೂನು ತಡೆಯೋದಿಲ್ಲ. ದುಡ್ಡಿಲ್ಲದ ಅಭ್ಯರ್ಥಿ ಹಿಂದೆ ಬೀಳೋದು ಇಲ್ಲೇ.

ನಮ್ಮ ಕೈಲಿರೋದು ಎರಡು ಕೆಲಸ. ಒಂದು, ನಮೂನೆ 18 ತುಂಬಿ ಹೆಸರು ಸೇರಿಸೋದು. ಪ್ರತಿ ಚುನಾವಣೆಗೂ ಹೊಸ ಪಟ್ಟಿ, ಹಳೇದು ನಡೆಯಲ್ಲ. ಎರಡು, ಅಭ್ಯರ್ಥಿಗಳ ಆಸ್ತಿ, ಸಾಲ, ಕೇಸುಗಳ ಪ್ರಮಾಣಪತ್ರ ಓದೋದು. ಪಟ್ಟಿಯಲ್ಲಿ ನಾವು ಕಮ್ಮಿ ಇದ್ದಷ್ಟೂ ದುಡ್ಡಿನ ಬಲ ಜಾಸ್ತಿ.