ಊಟ ತಡ ಮಾಡಿಸುವ ಆದಿಕಾಂಡ

ಮಂಗಳೂರು, ಧಾರವಾಡ ಕಡೆಯ ಹಳೆಯ ಪ್ರಾಟೆಸ್ಟೆಂಟ್ ಕುಟುಂಬಗಳಲ್ಲಿ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸತ್ಯವೇದ ಓದುವ ರೂಢಿಯುಂಟು. ಒಂದು ಅಧ್ಯಾಯ, ಒಂದು ಹಾಡು, ಪ್ರಾರ್ಥನೆ, ಆಮೇಲೆ ಊಟ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದರಿಂದ ಈ ಓದು ಮನೆಮಾತಿನಲ್ಲೇ ಸಾಧ್ಯವಾಯಿತು. ಓದು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಆದಿಕಾಂಡದ ಸರದಿ ಬಂದಾಗ ಮಾತ್ರ ಅನ್ನ ಆರುತ್ತದೆ.

ಸೂರ್ಯ ಆದದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ದಿನದ ಬೆಳಕು ಎಲ್ಲಿಂದ ಬಂತು? ತಮ್ಮನನ್ನು ಕೊಂದು ದೇಶಾಂತರ ಹೋದ ಕಾಯಿನನಿಗೆ ಹೆಂಡತಿ ಎಲ್ಲಿ ಸಿಕ್ಕಳು? "ಸುಮ್ಮನೆ ಕೇಳು" ಎಂಬುದು ಹಿರಿಯರಿಗೆ ಸುಲಭದ ಉತ್ತರ. ಅದನ್ನೇ ನಾಲ್ಕು ಸಲ ಕೇಳಿಸಿಕೊಂಡ ಮಗು ಐದನೆಯ ಸಲ ಪ್ರಶ್ನೆಯನ್ನೂ ಕೇಳುವುದಿಲ್ಲ, ಕತೆಯನ್ನೂ ಕೇಳುವುದಿಲ್ಲ. ಮುಂದೆ ಕಾಲೇಜಿನಲ್ಲಿ ವಿಜ್ಞಾನವೋ ಸತ್ಯವೇದವೋ, ಎರಡರಲ್ಲೊಂದನ್ನು ಬಿಡಬೇಕೆಂದು ಒದ್ದಾಡುವವರು ಬಹುಮಟ್ಟಿಗೆ ಇಂಥ ಮಕ್ಕಳೇ.

ನಿಧಾನವಾಗಿ ಓದಿದರೆ ಪುಸ್ತಕವೇ ಎಷ್ಟೋ ಹೇಳುತ್ತದೆ. ಮೊದಲೆರಡು ಅಧ್ಯಾಯಗಳನ್ನೇ ನೋಡಿ. ಒಂದರಲ್ಲಿ ಗಿಡಮರ, ಪ್ರಾಣಿಗಳೆಲ್ಲ ಆದ ಮೇಲೆ ಗಂಡು ಹೆಣ್ಣಿನ ಸೃಷ್ಟಿ. ಇನ್ನೊಂದರಲ್ಲಿ ಮೊದಲು ಗಂಡು, ಆಮೇಲೆ ತೋಟ, ಪ್ರಾಣಿಗಳು, ಕಟ್ಟಕಡೆಗೆ ಹೆಣ್ಣು. ಹೆಸರೂ ಬದಲಾಗುತ್ತದೆ: ಮೊದಲು ಬರೀ ದೇವರು, ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ ಯೆಹೋವದೇವರು. ಇದಕ್ಕೆ ಹೀಬ್ರೂ ಬರಬೇಕಾಗಿಲ್ಲ, ಕನ್ನಡದ ಸತ್ಯವೇದದಲ್ಲೇ ಕಾಣುತ್ತದೆ. ಈ ಎಳೆಯನ್ನು ಹಿಡಿದು, ಆದಿಕಾಂಡದ ಹಿಂದೆ ಬೇರೆ ಬೇರೆ ಹಳೆಯ ಬರಹಗಳಿವೆಯೆಂದು 1753ರಲ್ಲಿ ಪುಸ್ತಕ ಬರೆದ ಫ್ರಾನ್ಸಿನ ಝಾನ್ ಆಸ್ಟ್ರುಕ್ ಪಾದ್ರಿಯಲ್ಲ, ವೈದ್ಯ! ಮುಂದಿನ ಪಂಡಿತರು ಅದೇ ದಾರಿಯಲ್ಲಿ ಬಹುದೂರ ಹೋದರು.

ಹೀಬ್ರೂ ಬಂದರೆ ಇನ್ನೂ ಸೊಗಸು. ಆ ಭಾಷೆಯಲ್ಲಿ 'ಆದಾಮ' ಎಂದರೆ ಮನುಷ್ಯ, 'ಅದಾಮಾ' ಎಂದರೆ ಮಣ್ಣು. ಮಣ್ಣಿನಿಂದ ಮಾಡಿದವನಿಗೆ ಮಣ್ಣಿನದೇ ಹೆಸರು. ಇನ್ನು ಹವ್ವ ತಿಂದ ಹಣ್ಣು ಸೇಬೆಂದು ಅಲ್ಲಿ ಎಲ್ಲೂ ಬರೆದಿಲ್ಲ. ಅದು ಚಿತ್ರಗಾರರು ಎಲ್ಲರ ಮನಸ್ಸಿನಲ್ಲಿ ನೆಟ್ಟ ಸೇಬು.

ಮಕ್ಕಳಿಗೆ ತುಂಬ ಹಿಡಿಸುವುದು ನೋಹನ ನಾವೆ. ಉದ್ದ 300 ಮೊಳ, ಅಗಲ 50, ಎತ್ತರ 30; ಮೂರು ಅಂತಸ್ತು, ಒಂದೇ ಬಾಗಿಲು. ಮೊಳವೆಂದರೆ ಹೂವು ಕೊಂಡ ಎಲ್ಲರಿಗೂ ಗೊತ್ತು. ಯಾರ ಮೊಳ, ಅಪ್ಪನದೋ ಮಗನದೋ ಎಂಬ ಜಗಳ ತೀರಿಸಿ ಅಂಗಳದಲ್ಲಿ ಅಳೆಯಹೊರಟರೆ ಅಂಗಳ ಮುಗಿದು ಪಕ್ಕದ ಮನೆ ಬರುತ್ತದೆ. ಉದ್ದ ಸುಮಾರು 135 ಮೀಟರು. ಲೆಕ್ಕ ಬರುವ ಮಕ್ಕಳಿಗೆ ಇನ್ನೊಂದು ಕೆಲಸವಿದೆ. ಮೆತೂಷೆಲಹನಿಗೆ 187 ವರ್ಷವಾದಾಗ ಮಗ ಹುಟ್ಟಿದ, ಆ ಮಗನ 182ನೆಯ ವಯಸ್ಸಿಗೆ ನೋಹ ಹುಟ್ಟಿದ, ಪ್ರಳಯ ಬಂದಾಗ ನೋಹನಿಗೆ 600. ಕೂಡಿಸಿದರೆ 969, ಮೆತೂಷೆಲಹನ ಆಯುಸ್ಸೂ ಅಷ್ಟೇ. ಅಜ್ಜ ಮಳೆಗೆ ಮೊದಲು ಸತ್ತನೋ, ನೀರಿನಲ್ಲೋ? ಪುಸ್ತಕ ಹೇಳುವುದಿಲ್ಲ.

ಪ್ರಳಯದ ಕತೆ ಬೈಬಲ್ಲಿನದೊಂದೇ ಅಲ್ಲವೆಂಬುದನ್ನೂ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ನಿನೆವೆಯ ಅವಶೇಷಗಳಲ್ಲಿ ಸಿಕ್ಕ ಮಣ್ಣಿನ ಹಲಗೆಯೊಂದನ್ನು 1872ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ಓದಿದಾಗ ಅಲ್ಲೂ ನಾವೆ, ಅಲ್ಲೂ ನೆಲ ಹುಡುಕಲು ಬಿಟ್ಟ ಹಕ್ಕಿಗಳು! ಆದಿಕಾಂಡದಲ್ಲಿ ಕಾಗೆ ಮೊದಲು ಹೋಗುತ್ತದೆ, ಪಾರಿವಾಳ ಆಮೇಲೆ. ಅಲ್ಲಿ ಪಾರಿವಾಳ ಮೊದಲು, ಕಾಗೆ ಕೊನೆಗೆ. ನಮ್ಮ ಮನುವಿನ ಮೀನಿನ ಕತೆ ಕೇಳಿದ ಮಕ್ಕಳಂತೂ ಇಲ್ಲಿ ಬಾಯಿ ಹಾಕದೆ ಇರುವುದಿಲ್ಲ.

ಕಷ್ಟವಿರುವುದು ಒಂಬತ್ತನೆಯ ಅಧ್ಯಾಯದಲ್ಲಿ. ನೀರಿಳಿದ ಮೇಲೆ ನೋಹ ದ್ರಾಕ್ಷಿತೋಟ ಮಾಡಿ, ಕುಡಿದು ಅಮಲೇರಿ, ಗುಡಾರದಲ್ಲಿ ಬೆತ್ತಲೆ ಬಿದ್ದಿರುತ್ತಾನೆ. ಇಲ್ಲಿ ಹಿರಿಯರ ದನಿ ತಗ್ಗುತ್ತದೆ. ಕೆಲವರು ಇಪ್ಪತ್ತನೆಯ ವಚನದಿಂದ ನೆಟ್ಟಗೆ ಇಪ್ಪತ್ತೆಂಟಕ್ಕೆ ಹಾರುತ್ತಾರೆ. ಆದರೆ ವಚನಗಳಿಗೆ ನಂಬರು ಹಾಕಿದೆ, ಮಕ್ಕಳಿಗೆ ಎಣಿಕೆ ಬರುತ್ತದೆ.