ಅಪ್‌ಡೇಟ್ ಆದ ಮೇಲೆ ಕಾಣೆಯಾಗುವ ಸರ್ವರ್

ಪರದೆಯಾಗಲಿ ಕೀಲಿಮಣೆಯಾಗಲಿ ಇಲ್ಲದೆ ಮನೆಯ ಒಂದು ಮೂಲೆಯಲ್ಲಿ ಹಗಲಿರುಳೂ ಚಾಲೂ ಇದ್ದು, ಕುಟುಂಬದ ಫೋಟೊ, ದಾಖಲೆ, ಸಿನಿಮಾ, ಸಂಗೀತಗಳನ್ನು ಕಾಪಿಟ್ಟುಕೊಂಡು, ಕೇಳಿದಾಗಲೆಲ್ಲ ಅವನ್ನು ಮನೆಮಂದಿಯ ಫೋನಿಗೂ ಟಿವಿಗೂ ಒದಗಿಸುವ ಕಂಪ್ಯೂಟರಿಗೆ ಹೋಮ್ ಸರ್ವರ್ ಎಂದು ಹೆಸರು. 2012ರಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಮಾರುಕಟ್ಟೆಗೆ ಬಂದ ಮೇಲೆ ಈ ಹವ್ಯಾಸ ಬಹಳ ಬೆಳೆಯಿತು. ಮೂಲೆ ಸೇರಿದ್ದ ಹಳೆಯ ಡೆಸ್ಕ್‌ಟಾಪುಗಳಿಗೂ ಅನೇಕರು ಇದೇ ಕೆಲಸ ಹಚ್ಚಿದ್ದಾರೆ. ಇವುಗಳಲ್ಲಿ ಬಹುಪಾಲು ಯಂತ್ರಗಳು ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ಬಗೆಗಳ ಮೇಲೆ ನಡೆಯುವುದರಿಂದ, ಅವುಗಳ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ, ಅಂದರೆ ಅಪ್‌ಡೇಟ್ ಮಾಡುವ, ಹೊಣೆ ಮನೆಯವರದ್ದೇ ಆಗಿರುತ್ತದೆ. ಹಾಗೆ ಅಪ್‌ಡೇಟ್ ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಫ್ಯಾನು ತಿರುಗುತ್ತಿದ್ದರೂ, ದೀಪ ಉರಿಯುತ್ತಿದ್ದರೂ ಯಾವ ಫೋನಿನಿಂದಲೂ ಅದನ್ನು ತಲುಪಲಾಗದ ಸ್ಥಿತಿ ಎಷ್ಟೋ ಸಲ ಎದುರಾಗುತ್ತದೆ. ಹಾರ್ಡ್ ಡಿಸ್ಕ್ ಹೋಯಿತು, ಫೋಟೊಗಳೆಲ್ಲ ಮುಳುಗಿದವು ಎಂದು ಗಾಬರಿಯಾಗುವುದು ಸಹಜವಾದರೂ ಇಂಥ ಹೆಚ್ಚಿನ ಸಂದರ್ಭಗಳಲ್ಲಿ ಒಳಗಿನ ಒಂದು ಕಡತಕ್ಕೂ ಧಕ್ಕೆಯಾಗಿರುವುದಿಲ್ಲ. ಯಂತ್ರಕ್ಕೂ ಹೊರಗಿನ ಕೇಬಲಿಗೂ ನಡುವಿನ ಸಂಬಂಧವಷ್ಟೇ ಕಡಿದಿರುತ್ತದೆ.

ಈ ದೋಷವನ್ನು ಗುರುತಿಸುವುದು ಕಷ್ಟವಾಗಲು ಮುಖ್ಯ ಕಾರಣವೆಂದರೆ, ಅಪ್‌ಡೇಟ್ ಮಾಡಿದ ದಿನಕ್ಕೂ ಅದರ ಪರಿಣಾಮ ತೋರುವ ದಿನಕ್ಕೂ ನಡುವೆ ವಾರಗಳೋ ತಿಂಗಳುಗಳೋ ಕಳೆದಿರಬಹುದು. ಯಂತ್ರಾಂಶಕ್ಕೂ ಉಳಿದ ಎಲ್ಲ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ; ಹೊಸ ಕರ್ನಲ್ ಡಿಸ್ಕಿಗೆ ಬಂದು ಕುಳಿತರೂ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಗುವವರೆಗೆ ಹಳೆಯದೇ ನಡೆಯುತ್ತಿರುತ್ತದೆ. ಸರ್ವರನ್ನು ಯಾರೂ ಸುಮ್ಮನೆ ನಿಲ್ಲಿಸುವುದಿಲ್ಲವಾದ್ದರಿಂದ, ಜೂನ್ ತಿಂಗಳಲ್ಲಿ ಮಾಡಿದ ಅಪ್‌ಡೇಟು ಆಗಸ್ಟ್ ತಿಂಗಳ ಒಂದು ಮಳೆಯ ರಾತ್ರಿ ಕರೆಂಟು ಹೋಗಿ ಬಂದಾಗ ಮೊದಲ ಬಾರಿಗೆ ಜಾರಿಗೆ ಬರುತ್ತದೆ. ಆಗ ತಪ್ಪೆಲ್ಲ ಕರೆಂಟಿನ ಮೇಲೆ, ಯುಪಿಎಸ್ ಮೇಲೆ, ಇಲ್ಲವೇ ರೌಟರಿನ ಮೇಲೆ ಬೀಳುತ್ತದೆ. ನಿಜವಾದ ಕಾರಣ ಯಾರ ನೆನಪಿನಲ್ಲೂ ಇರುವುದಿಲ್ಲ.

ಕಾರಣಗಳಲ್ಲಿ ಅತ್ಯಂತ ವಿಚಿತ್ರವಾದದ್ದೂ, ಬಹುಶಃ ಅತ್ಯಂತ ಸಾಮಾನ್ಯವಾದದ್ದೂ ಹೆಸರಿಗೆ ಸಂಬಂಧಿಸಿದ್ದು. ಕೇಬಲ್ ಸಿಕ್ಕಿಸುವ ಭಾಗವಾದ ನೆಟ್‌ವರ್ಕ್ ಕಾರ್ಡಿಗೆ ಲಿನಕ್ಸ್ ಒಂದು ಹೆಸರು ಕೊಡುತ್ತದೆ, ಮತ್ತು ಯಾವ ಕಾರ್ಡಿನ ಮೂಲಕ ಯಾವ ವಿಳಾಸದಲ್ಲಿ ಸಂಪರ್ಕ ಏರ್ಪಡಿಸಬೇಕು ಎಂಬ ಸೂಚನೆಗಳೆಲ್ಲ ಆ ಹೆಸರನ್ನೇ ಹಿಡಿದು ಒಂದು ಕಡತದಲ್ಲಿ ಬರೆದಿರುತ್ತವೆ. ಹಿಂದೆ ಕರ್ನಲ್ ತಾನು ಕಂಡ ಕ್ರಮದಲ್ಲಿ ಕಾರ್ಡುಗಳಿಗೆ ‘ಇಟಿಎಚ್0’, ‘ಇಟಿಎಚ್1’ ಎಂದು ಹೆಸರಿಡುತ್ತಿತ್ತು. ಒಂದೇ ಕಾರ್ಡಿರುವ ಯಂತ್ರದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಎರಡಿದ್ದಲ್ಲಿ ಮಾತ್ರ, ಯಾವುದು ಮೊದಲು ಎಚ್ಚರಗೊಳ್ಳುತ್ತದೆ ಎಂಬುದರ ಮೇಲೆ ಹೆಸರುಗಳು ಅದಲುಬದಲಾಗುವ ಸಾಧ್ಯತೆಯಿತ್ತು. ಇಂಟರ್‌ನೆಟ್ ಕಡೆಗೆ ಒಂದು ಕಾರ್ಡು, ಒಳಗಿನ ಜಾಲದ ಕಡೆಗೆ ಇನ್ನೊಂದು ಕಾರ್ಡು ಇಟ್ಟುಕೊಂಡು ಕಾವಲು ಕಾಯುವ ಯಂತ್ರದಲ್ಲಿ ಹೀಗಾದರೆ ಕಾವಲಿನ ನಿಯಮಗಳೇ ತಲೆಕೆಳಗಾಗುತ್ತವೆ. ಈ ಅಪಾಯವನ್ನು ತಪ್ಪಿಸಲೆಂದು 2013ರ ಜನವರಿಯಲ್ಲಿ ಬಂದ ಸಿಸ್ಟಮ್‌ಡಿ 197ನೇ ಆವೃತ್ತಿಯು, ಮದರ್‌ಬೋರ್ಡಿನಲ್ಲಿ ಕಾರ್ಡು ಇರುವ ಜಾಗವನ್ನೇ ಆಧರಿಸಿ ಹೆಸರಿಡುವ ಪದ್ಧತಿಯನ್ನು ಜಾರಿಗೆ ತಂದಿತು. ಸಿಸ್ಟಮ್‌ಡಿ ಎಂಬುದು ಲಿನಕ್ಸ್ ಯಂತ್ರ ಚಾಲೂ ಆಗುವಾಗ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ತಂತ್ರಾಂಶ. ಈ ಪದ್ಧತಿಯಲ್ಲಿ ‘ಇಎನ್‌ಪಿ3ಎಸ್0’ ಎಂಬ ಹೆಸರನ್ನು ಬಿಡಿಸಿದರೆ ‘ಇಎನ್’ ಎಂದರೆ ಈಥರ್‌ನೆಟ್, ‘ಪಿ3’ ಎಂದರೆ 3 ಎಂಬ ಸಂಖ್ಯೆಯ ಪಿಸಿಐ ಬಸ್, ‘ಎಸ್0’ ಎಂದರೆ ಅದರಲ್ಲಿನ ಸೊನ್ನೆಯ ಸ್ಥಾನ. ಬಸ್ ಎಂಬುದು ಬಿಡಿಭಾಗಗಳನ್ನು ಪ್ರೊಸೆಸರಿಗೆ ಜೋಡಿಸುವ ದಾರಿ.

ಸ್ಥಿರತೆಗಾಗಿ ರೂಪಿಸಿದ ಈ ವ್ಯವಸ್ಥೆ ಪೂರ್ತಿ ಸ್ಥಿರವಾಗಿ ಉಳಿಯಲಿಲ್ಲ. ಬಸ್ಸಿನ ಸಂಖ್ಯೆಯನ್ನು ನಿರ್ಧರಿಸುವುದು ಯಂತ್ರ ಚಾಲೂ ಆಗುವಾಗ ನಡೆಯುವ ಎಣಿಕೆ. ಹೊಸದೊಂದು ಎಸ್‌ಎಸ್‌ಡಿಯನ್ನೋ ಗ್ರಾಫಿಕ್ಸ್ ಕಾರ್ಡನ್ನೋ ಸೇರಿಸಿದರೆ, ಕೆಲವೊಮ್ಮೆ ಮದರ್‌ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡಿದರೂ, ಆ ಎಣಿಕೆ ಒಂದು ಹೆಚ್ಚಾಗಿ ‘ಇಎನ್‌ಪಿ3ಎಸ್0’ ಇದ್ದದ್ದು ‘ಇಎನ್‌ಪಿ4ಎಸ್0’ ಆಗಿಬಿಡುತ್ತದೆ. ಕರ್ನಲ್ ಅಥವಾ ಸಿಸ್ಟಮ್‌ಡಿ ಹೊಸದಾದಾಗ ಯಂತ್ರಾಂಶದ ಬಗ್ಗೆ ಮೊದಲು ಗೊತ್ತಿರದಿದ್ದ ವಿವರಗಳು ಗೊತ್ತಾಗಿ, ಅವೂ ಹೆಸರಿನೊಳಗೆ ಸೇರುವುದುಂಟು. ಇಂಟೆಲ್‌ನ ಕೆಲವು ಕಾರ್ಡುಗಳನ್ನು ನಡೆಸುವ ‘ಐ40ಇ’ ಎಂಬ ಡ್ರೈವರಿನಲ್ಲಿ ಆದದ್ದು ಇದೇ: ಹೊಸ ಕರ್ನಲ್‌ಗಳಲ್ಲಿ ಹೆಸರಿನ ತುದಿಗೆ ‘ಎನ್‌ಪಿ0’ ಎಂಬ ಬಾಲ ಹತ್ತಿಕೊಂಡಿತು. ಕಾರ್ಡು ಅದೇ, ಕೇಬಲ್ ಅದೇ. ಆದರೆ ಸೂಚನೆಯ ಕಡತದಲ್ಲಿ ಹಳೆಯ ಹೆಸರೇ ಉಳಿದಿರುವುದರಿಂದ ಇಲ್ಲದ ಕಾರ್ಡಿಗಾಗಿ ಕಾದು ಯಂತ್ರ ಸುಮ್ಮನಾಗುತ್ತದೆ. ನಗರಸಭೆ ಮನೆಗಳಿಗೆಲ್ಲ ಹೊಸ ಸಂಖ್ಯೆ ಬರೆದು ಹೋದ ಮೇಲೂ ಹಳೆಯ ಸಂಖ್ಯೆಗೇ ಬಂದ ಕಾಗದದ ಪಾಡು ಇದು.

ಹಳೆಯ ಹೆಸರನ್ನೇ ಹಿಡಿದುಕೊಂಡು ಬಂದವರಿಗೂ ಇದರಿಂದ ಮುಕ್ತಿಯಿರಲಿಲ್ಲ. 2019ರಲ್ಲಿ ಡೆಬಿಯನ್ 10 ಬಂದಾಗ, ‘ಇಟಿಎಚ್0’ ಹೆಸರನ್ನು ಕಾಯ್ದುಕೊಳ್ಳುತ್ತಿದ್ದ ಹಳೆಯ ನಿಯಮಗಳ ಕಡತಕ್ಕೆ ಇನ್ನು ಅಧಿಕೃತ ಬೆಂಬಲವಿಲ್ಲವೆಂದೂ, ಮೊದಲೇ ಹೊಸ ಪದ್ಧತಿಗೆ ಬದಲಾಗದಿದ್ದರೆ ಯಂತ್ರ ನೆಟ್‌ವರ್ಕ್ ಕಳೆದುಕೊಳ್ಳಬಹುದೆಂದೂ ಬಿಡುಗಡೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಲಾಗಿತ್ತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರ ಟಿಪ್ಪಣಿಯಲ್ಲೂ ಹೆಸರು ಬದಲಾಗುವ ಸಾಧ್ಯತೆಯ ಬಗ್ಗೆ ಎಚ್ಚರಿಕೆಯಿದೆ. ಈ ಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ ಎಂಬುದು ಖೇದದ ಸಂಗತಿ. ಅರ್ಧ ಗಂಟೆಯ ಓದು ಒಂದು ಇಡೀ ಭಾನುವಾರವನ್ನು ಉಳಿಸಬಲ್ಲದು.

ದುರಸ್ತಿಗೆ ಮೊದಲು ಬೇಕಾದದ್ದು ಒಂದು ಕೀಲಿಮಣೆ ಮತ್ತು ಒಂದು ಮಾನಿಟರ್. ಎಚ್‌ಡಿಎಂಐ ಕೇಬಲ್ ಇದ್ದರೆ ಮನೆಯ ಟಿವಿಯೇ ಸಾಕು. ದೂರದಿಂದ ಪ್ರವೇಶಿಸುವ ದಾರಿಯೇ ಮುಚ್ಚಿರುವಾಗ ಯಂತ್ರದ ಮುಂದೆ ಕುಳಿತು ಲಾಗಿನ್ ಆಗದೆ ಬೇರೆ ಉಪಾಯವಿಲ್ಲ. ಲಾಗಿನ್ ಆಗುವ ಮುನ್ನ ಹಿಂಬದಿಯ ಕೇಬಲ್ ಕಿಂಡಿಯ ಪಕ್ಕದಲ್ಲಿನ ಹಸಿರು ಅಥವಾ ಹಳದಿ ದೀಪವನ್ನು ಗಮನಿಸುವುದು ಒಳ್ಳೆಯದು. ಅದು ಮಿನುಗುತ್ತಿದ್ದರೆ ಕೇಬಲ್ ಮತ್ತು ರೌಟರಿನ ಮೇಲಿನ ಸಂಶಯವನ್ನು ಬಹುಮಟ್ಟಿಗೆ ಬಿಡಬಹುದು. ಬಳಿಕ ‘ಐಪಿ ಲಿಂಕ್’ ಎಂಬ ಆಜ್ಞೆ ಕೊಟ್ಟರೆ ಕರ್ನಲ್ ಕಂಡ ಕಾರ್ಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೊದಲನೆಯದಾದ ‘ಎಲ್‌ಓ’ ಯಂತ್ರ ತನ್ನೊಡನೆ ತಾನೇ ಮಾತಾಡಲು ಇಟ್ಟುಕೊಂಡ ಕಾಲ್ಪನಿಕ ಕಾರ್ಡಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಎರಡನೆಯ ಸಾಲಿನಲ್ಲಿ ‘ಇಎನ್’ ಎಂದು ಶುರುವಾಗುವ ಹೆಸರಿದ್ದು, ಅದರ ಮುಂದೆ ‘ಡೌನ್’ ಎಂದು ಬರೆದಿದ್ದರೆ, ಕಾರ್ಡು ಆರೋಗ್ಯವಾಗಿದೆ, ಅದನ್ನು ಯಾರೂ ಕರೆದಿಲ್ಲ ಎಂದೇ ತಿಳಿಯಬೇಕು. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸೂಚನೆಯ ಕಡತವನ್ನು ತೆರೆದು, ಅಲ್ಲಿ ಹಳೆಯ ಹೆಸರು ಕಂಡಲ್ಲೆಲ್ಲ ಹೊಸದನ್ನು ಬರೆದು ಉಳಿಸಿದರೆ, ಮುಂದಿನ ಸಲ ಚಾಲೂ ಆಗುವಾಗ ಸಂಪರ್ಕ ಮರಳುತ್ತದೆ. ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಈ ಕಡತದ ಹೆಸರು ‘ಇಂಟರ್‌ಫೇಸಸ್’. ಉಬುಂಟು ಸರ್ವರಿನಲ್ಲಿ ‘ನೆಟ್‌ಪ್ಲಾನ್’ ಎಂಬ ವ್ಯವಸ್ಥೆಯ ಕಡತಗಳಿರುತ್ತವೆ. ಬ್ರಿಡ್ಜ್, ಅಂದರೆ ಒಂದೇ ಯಂತ್ರದೊಳಗಿನ ಹಲವು ವರ್ಚುವಲ್ ಕಂಪ್ಯೂಟರುಗಳಿಗೆ ಒಂದೇ ಕೇಬಲನ್ನು ಹಂಚುವ ಏರ್ಪಾಡು, ಮಾಡಿಕೊಂಡವರು ಅದರ ಸಾಲಿನಲ್ಲೂ ಹೆಸರು ಬದಲಿಸಲು ಮರೆಯಬಾರದು.

ಪಟ್ಟಿಯಲ್ಲಿ ‘ಎಲ್‌ಓ’ ಬಿಟ್ಟರೆ ಬೇರೇನೂ ಇಲ್ಲದಿದ್ದರೆ ಸಮಸ್ಯೆ ಇನ್ನೂ ಕೆಳಗಿದೆ: ಕಾರ್ಡನ್ನು ನಡೆಸುವ ಡ್ರೈವರ್ ಅಥವಾ ಕಾರ್ಡಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಸಿಕ್ಕಿಲ್ಲ. ಕಡಿಮೆ ಬೆಲೆಯ ಮದರ್‌ಬೋರ್ಡುಗಳಲ್ಲಿ ವ್ಯಾಪಕವಾಗಿರುವ ರಿಯಲ್‌ಟೆಕ್ ಕಾರ್ಡುಗಳಿಗೆ ಕೆಲವರು ಕರ್ನಲ್‌ನಲ್ಲಿಲ್ಲದ ಡ್ರೈವರನ್ನು ಹೊರಗಿನಿಂದ ಸೇರಿಸಿಕೊಂಡಿರುತ್ತಾರೆ. ಅಂಥ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಮರಳಿ ರಚನೆಯಾಗಬೇಕು, ಆ ರಚನೆ ವಿಫಲವಾದರೆ ಕಾರ್ಡು ಮೂಕವಾಗುತ್ತದೆ. ಇದಕ್ಕೆ ತಕ್ಷಣದ ಪರಿಹಾರ ಸುಲಭ: ಯಂತ್ರ ಶುರುವಾಗುವಾಗ ಬರುವ ‘ಗ್ರಬ್’ ಎಂಬ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದೇ ಇರುತ್ತದೆ, ಅದನ್ನು ಆರಿಸಿದರೆ ಕಾರ್ಡು ಮರಳಿ ಕಾಣಿಸಿಕೊಳ್ಳುತ್ತದೆ. ಫರ್ಮ್‌ವೇರಿನದು ಬೇರೆ ಕಥೆ. ಡೆಬಿಯನ್ ಯೋಜನೆ 2022ರಲ್ಲಿ ಮತ ಹಾಕಿ, 2023ರ ಜೂನಿನಲ್ಲಿ ಬಂದ 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರಿಗೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಹಳೆಯ ಆವೃತ್ತಿಯಿಂದ ಮೇಲೇರುವವರು ತಂತ್ರಾಂಶದ ಮೂಲಗಳ ಪಟ್ಟಿಯಲ್ಲಿ ಆ ವಿಭಾಗದ ಹೆಸರನ್ನು ತಾವೇ ಸೇರಿಸದಿದ್ದರೆ ಹೊಸ ಫರ್ಮ್‌ವೇರ್ ಬರುವುದೇ ಇಲ್ಲ.

ನೆಟ್‌ವರ್ಕ್ ಸರಿಪಡಿಸಲು ಬೇಕಾದ ತಂತ್ರಾಂಶವನ್ನು ಇಳಿಸಿಕೊಳ್ಳಲು ನೆಟ್‌ವರ್ಕೇ ಬೇಕೆಂಬ ಇಕ್ಕಟ್ಟಿಗೆ ಬಹುತೇಕ ಮನೆಗಳಲ್ಲಿ ಇರುವ ಆಂಡ್ರಾಯ್ಡ್ ಫೋನು ಉತ್ತರ. ಫೋನನ್ನು ಚಾರ್ಜಿಂಗ್ ಕೇಬಲಿನಿಂದ ಸರ್ವರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಒತ್ತಿದರೆ, ಫೋನೇ ಒಂದು ನೆಟ್‌ವರ್ಕ್ ಕಾರ್ಡಿನಂತೆ ಲಿನಕ್ಸ್‌ಗೆ ಕಾಣಿಸುತ್ತದೆ. ಇದಕ್ಕೆ ಬೇಕಾದ ಡ್ರೈವರ್ ಸಾಮಾನ್ಯ ಕರ್ನಲ್‌ಗಳಲ್ಲೆಲ್ಲ ಇರುವುದರಿಂದ, ಹೊಸದಾಗಿ ಕಂಡ ಆ ಕಾರ್ಡಿಗೆ ವಿಳಾಸ ಕೇಳುವ ಆಜ್ಞೆ ಕೊಟ್ಟರೆ ಫೋನಿನ ಡೇಟಾದ ಮೂಲಕವೇ ಪ್ಯಾಕೇಜುಗಳನ್ನು ಇಳಿಸಿಕೊಳ್ಳಬಹುದು. ಚಾರ್ಜಿಂಗಿಗೆ ಮಾತ್ರ ಬರುವ, ಡೇಟಾ ಸಾಗಿಸದ ಅಗ್ಗದ ಕೇಬಲ್ ಇಲ್ಲಿ ಉಪಯೋಗಕ್ಕೆ ಬಾರದು.

ಕಾರ್ಡು ‘ಅಪ್’ ಎಂದು ತೋರಿಸಿಯೂ ಸರ್ವರ್ ಸಿಗದಿದ್ದರೆ ವಿಳಾಸವನ್ನು ನೋಡಬೇಕು. ಮನೆಯ ಜಾಲದಲ್ಲಿ ಪ್ರತಿ ಯಂತ್ರಕ್ಕೂ 192.168.1.10 ಎಂಬಂಥ ಐಪಿ ವಿಳಾಸವನ್ನು ರೌಟರ್ ಹಂಚುತ್ತದೆ. ಈ ಹಂಚಿಕೆಯ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಅಪ್‌ಡೇಟಿನಲ್ಲಿ ವಿಳಾಸ ಕೇಳುವ ತಂತ್ರಾಂಶವೇ ಬದಲಾದರೆ ಅದು ತನ್ನ ಗುರುತನ್ನು ಬೇರೆ ರೀತಿಯಲ್ಲಿ ಹೇಳಿಕೊಳ್ಳಬಹುದು, ಆಗ ರೌಟರ್ ಅದನ್ನು ಹೊಸ ಅತಿಥಿಯೆಂದು ಭಾವಿಸಿ ಬೇರೆ ವಿಳಾಸ ಕೊಡುತ್ತದೆ. ಸರ್ವರ್ ಅಲ್ಲೇ ಇರುತ್ತದೆ, ಫೋನುಗಳು ಮಾತ್ರ ಹಳೆಯ ವಿಳಾಸದಲ್ಲಿ ಹುಡುಕುತ್ತಿರುತ್ತವೆ. ರೌಟರಿನ ಪುಟ ತೆರೆದು, ಜೋಡಣೆಯಾದ ಯಂತ್ರಗಳ ಪಟ್ಟಿಯನ್ನು ನೋಡಿದರೆ ಇದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ವಿಳಾಸ 169.254 ಎಂದು ಶುರುವಾಗುತ್ತಿದ್ದರೆ, ರೌಟರಿನಿಂದ ಉತ್ತರವೇ ಬಾರದೆ ಯಂತ್ರ ತನಗೆ ತಾನೇ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಂಡಿದೆ ಎಂದು ಅರ್ಥ.

ಇನ್ನು ಕೆಲವೊಮ್ಮೆ 8.8.8.8 ಎಂಬ ಅಂಕಿಯ ವಿಳಾಸಕ್ಕೆ ‘ಪಿಂಗ್’ ಮಾಡಿದರೆ ಉತ್ತರ ಬಂದರೂ ಯಾವ ತಾಣದ ಹೆಸರೂ ತೆರೆಯುವುದಿಲ್ಲ. ಹೆಸರನ್ನು ಅಂಕಿಗೆ ಬದಲಿಸಿಕೊಡುವ ಡಿಎನ್‌ಎಸ್ ವ್ಯವಸ್ಥೆಯಷ್ಟೇ ಇಲ್ಲಿ ಕೆಟ್ಟಿರುತ್ತದೆ. ಡೆಬಿಯನ್ 12ರಲ್ಲಿ ‘ಸಿಸ್ಟಮ್‌ಡಿ ರಿಸಾಲ್ವ್ಡ್’ ಎಂಬ ಈ ಕೆಲಸದ ಭಾಗವನ್ನು ಬೇರೆ ಪ್ಯಾಕೇಜಾಗಿ ಒಡೆದು, ಅಪ್‌ಡೇಟಿನಲ್ಲಿ ಅದು ತಾನಾಗಿ ಬರುವುದಿಲ್ಲವೆಂದು ಮಾಡಿದ್ದರಿಂದ, ಅದನ್ನು ನೆಚ್ಚಿದ್ದ ಯಂತ್ರಗಳು ಹೀಗೇ ಸಿಕ್ಕಿಬಿದ್ದವು. ಜಾಹೀರಾತು ತಡೆಯಲೆಂದು ಪೈ-ಹೋಲ್ ಎಂಬ ತಂತ್ರಾಂಶ ಹಾಕಿ ಇಡೀ ಮನೆಯ ಡಿಎನ್‌ಎಸ್ ಕೆಲಸವನ್ನು ಸರ್ವರಿಗೇ ಒಪ್ಪಿಸಿದ ಮನೆಗಳಲ್ಲಿ ಪೆಟ್ಟು ದೊಡ್ಡದು, ಏಕೆಂದರೆ ಸರ್ವರ್ ಮಲಗಿದರೆ ಎಲ್ಲರ ಫೋನಿನ ಇಂಟರ್‌ನೆಟ್ಟೂ ನಿಲ್ಲುತ್ತದೆ. ರೌಟರಿನಲ್ಲಿ ತಾತ್ಕಾಲಿಕವಾಗಿ ಬೇರೆ ಡಿಎನ್‌ಎಸ್ ವಿಳಾಸ ಹಾಕಿಕೊಂಡ ಮೇಲೆಯೇ ಸಮಾಧಾನದಿಂದ ದುರಸ್ತಿಗೆ ಕೂರಬಹುದು.

ಹೆಸರಿನ ಕಾಟಕ್ಕೆ ಮಾತ್ರ ಶಾಶ್ವತ ಪರಿಹಾರವಿದೆ. ಪ್ರತಿ ಕಾರ್ಡಿಗೂ ತಯಾರಕರು ಕೊಟ್ಟ ಮ್ಯಾಕ್ ವಿಳಾಸ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದು ಬಸ್ಸಿನ ಎಣಿಕೆಯೊಂದಿಗೆ ಬದಲಾಗುವುದಿಲ್ಲ. ಸಿಸ್ಟಮ್‌ಡಿಯ ‘ಲಿಂಕ್’ ಕಡತದಲ್ಲಿ ಆ ಸಂಖ್ಯೆಯನ್ನು ಬರೆದು, ಈ ಕಾರ್ಡಿಗೆ ‘ಲ್ಯಾನ್0’ ಎಂದೇ ಹೆಸರಿಡು ಎಂದು ಸೂಚಿಸಿದರೆ, ಮುಂದೆ ಎಷ್ಟು ಕರ್ನಲ್ ಬದಲಾದರೂ ಹೆಸರು ಅದೇ ಇರುತ್ತದೆ. ಕರ್ನಲ್ ತಾನಾಗಿ ಕೊಡುವ ‘ಇಟಿಎಚ್0’ ಎಂಬ ಹೆಸರನ್ನು ಇದಕ್ಕೆ ಬಳಸಬಾರದು, ಎರಡೂ ಡಿಕ್ಕಿ ಹೊಡೆಯುತ್ತವೆ. ಬ್ರಿಡ್ಜ್ ಸಹ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಎರವಲು ಪಡೆಯುವುದರಿಂದ, ಕಡತದಲ್ಲಿ ‘ಪರ್ಮನೆಂಟ್ ಮ್ಯಾಕ್ ಅಡ್ರೆಸ್’ ಎಂಬ ಸಾಲನ್ನು ಆರಿಸುವುದು ಸುರಕ್ಷಿತ. ಇದರ ಜೊತೆಗೆ ರೌಟರಿನಲ್ಲೂ ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾದಿರಿಸಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಬಾಗಿಲಲ್ಲೇ ನಿಲ್ಲುತ್ತವೆ.

ನೆಟ್‌ವರ್ಕ್ ಹೋದೀತೆಂಬ ಭಯದಿಂದ ಅಪ್‌ಡೇಟನ್ನೇ ಬಿಟ್ಟುಬಿಡುವುದು ಸರಿಯಾದ ದಾರಿಯಲ್ಲ. ಭದ್ರತೆಯ ತೂತುಗಳನ್ನು ಮುಚ್ಚದ ಸರ್ವರಿನಲ್ಲಿ ಮನೆಯ ಫೋಟೊಗಳೂ ದಾಖಲೆಗಳೂ ಕ್ಷೇಮವಾಗಿರಲಾರವು. ಮನೆಯಲ್ಲಿ ಸರ್ವರ್ ಇಟ್ಟುಕೊಂಡವರು ಅಪ್‌ಡೇಟ್ ಮುಗಿದ ಅದೇ ದಿನ, ಕೀಲಿಮಣೆ ಮತ್ತು ಮಾನಿಟರ್ ಜೋಡಿಸಿ, ಯಂತ್ರವನ್ನು ತಾವಾಗಿಯೇ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಬೇಕು. ಆ ಕೆಲಸವನ್ನು ಮುಂದೆಂದೋ ಹೋಗಿ ಬರುವ ಕರೆಂಟಿಗೆ ಬಿಡಬಾರದು.